ಮಾತ್ರೆ ಡಬ್ಬಿಯ ಪಕ್ಕದಲ್ಲೇ ಡಂಬೆಲ್

ಬೆಳಗಿನ ವಾಕಿಂಗ್ ಒಂದು ದಿನವೂ ತಪ್ಪಿಸದ ಹಿರಿಯರನ್ನು ಪಾರ್ಕಿನ ಬೆಂಚಿನಿಂದ ಏಳುವಾಗ ಗಮನಿಸಿ. ಎರಡೂ ಕೈ ತೊಡೆಯ ಮೇಲೆ ಊರುತ್ತವೆ, ಬಾಯಿಂದ ‘ಅಮ್ಮಾ’ ಅಂತೊಂದು ಉಸಿರು ಹೊರಡುತ್ತದೆ, ಎದ್ದ ಮೇಲೆ ಒಂದಿಷ್ಟು ಸಾವರಿಸಿಕೊಂಡೇ ಮೊದಲ ಹೆಜ್ಜೆ. ದಿನಾ ನಾಲ್ಕು ಕಿಲೋಮೀಟರ್ ನಡೆಯುವವರ ಪಾಡೇ ಹೀಗೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಶುಗರಿಗೂ ಒಳ್ಳೆಯದು. ಆದರೆ ಸಮತಟ್ಟು ನೆಲದಲ್ಲಿ ನಡೆಯಲು ತೊಡೆಯ ಸ್ನಾಯು ತನ್ನ ಬಲದ ಸಣ್ಣದೊಂದು ಪಾಲನ್ನಷ್ಟೇ ಖರ್ಚು ಮಾಡುತ್ತದೆ. ಮಿಕ್ಕದ್ದಕ್ಕೆ ಕೆಲಸವೇ ಇಲ್ಲ, ಹಾಗಾಗಿ ಅದು ಕರಗುತ್ತ ಹೋಗುತ್ತದೆ.

ವಯಸ್ಸಾದಂತೆ ಸ್ನಾಯು ಹೀಗೆ ಕರಗುವುದಕ್ಕೆ ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಮರುವರ್ಷವೇ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಆರೈಕೆ ಕೇಂದ್ರದಲ್ಲಿದ್ದ, 86ರಿಂದ 96 ವರ್ಷದ, ಕಾಯಿಲೆಗಳಿದ್ದ ಹತ್ತು ಮಂದಿಗೆ 8 ವಾರ ಕಾಲಿಗೆ ತೂಕದ ವ್ಯಾಯಾಮ ಮಾಡಿಸಿದ್ದರು. ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಶೇ 9 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ನೆನಪಿರಲಿ, ವ್ಯಾಯಾಮ ಶುರುವಾದ ಮೂರನೇ ವಾರದಲ್ಲಿ ಬೇಕಾಗುತ್ತದೆ.

ಹಾಗಾದರೆ ಶುಗರ್, ಬಿಪಿ, ಮಂಡಿ ಸವೆತ ಎಲ್ಲ ಇಟ್ಟುಕೊಂಡಿರುವ ನಮ್ಮಂಥವರು ಭಾರ ಎತ್ತಿದರೆ ಅಪಾಯ ಇಲ್ಲವೇ? ಇದೆ. ಕೈಯಲ್ಲಿರುವ ಎರಡು ಕಿಲೋದಿಂದ ಅದು ಬರುವುದು ಕಡಿಮೆ. ಮಾತ್ರೆ ನುಂಗಿ ಎಷ್ಟು ಹೊತ್ತಾಯಿತು, ತಿಂಡಿ ಆಯಿತೇ, ಉಸಿರು ಬಿಗಿಹಿಡಿದಿರಾ, ದಢಕ್ಕನೆ ಎದ್ದಿರಾ, ಎಡವಟ್ಟುಗಳೆಲ್ಲ ಹುಟ್ಟುವುದು ಇಲ್ಲಿ. ಆದ್ದರಿಂದ ಡಂಬೆಲ್ ಕೊಳ್ಳುವ ಮೊದಲು ಮಾತ್ರೆ ಡಬ್ಬಿ ಬಿಚ್ಚಿ ಕೂರಬೇಕು.

ಡಾಕ್ಟರ ಹತ್ತಿರ ‘ವ್ಯಾಯಾಮ ಮಾಡಬಹುದಾ ಸಾರ್’ ಎಂದು ಕೇಳಿದರೆ ‘ವಾಕಿಂಗ್ ಮಾಡಿ, ಭಾರ ಎತ್ತಬೇಡಿ’ ಎಂಬ ಉತ್ತರ ಬರುವುದೇ ಹೆಚ್ಚು. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಅವರಾದರೂ ಇನ್ನೇನು ಹೇಳಿಯಾರು! ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಮೇಲು. ಕಣ್ಣಿನ ರೆಟಿನಾ ಪರೀಕ್ಷೆ ಈ ವರ್ಷ ಆಗಿದೆಯೇ? ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ಹೊಸ ರಕ್ತನಾಳ ಹುಟ್ಟುವ ಹಂತ ತಲುಪಿದ್ದರೆ ತಿಣುಕಿ ಎತ್ತುವುದು, ತಲೆ ಕೆಳಗೆ ಮಾಡುವುದು ಎರಡೂ ಬೇಡ, ಕಣ್ಣೊಳಗೆ ರಕ್ತ ಸೋರುವ ಭಯ. ಕುಳಿತಲ್ಲಿ ಬಿಪಿ 180/110 ದಾಟಿದ್ದರೆ ಮೊದಲು ಅದು ಇಳಿಯಬೇಕು. ವಿಶ್ರಾಂತಿಯಲ್ಲೇ ಎದೆನೋವು, ಹತೋಟಿಗೆ ಬಾರದ ಹೃದಯ ವೈಫಲ್ಯ, ಮಹಾಪಧಮನಿಯ ಕವಾಟ ತೀರಾ ಕಿರಿದಾಗಿರುವುದು ಇದ್ದವರು ಹೃದಯದ ಡಾಕ್ಟರ ಒಪ್ಪಿಗೆಯಿಲ್ಲದೆ ಶುರು ಮಾಡಲೇಬಾರದು. ಹರ್ನಿಯಾ ಇದ್ದರೆ, ಇತ್ತೀಚೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ. ಮೂಳೆ ಟೊಳ್ಳಾಗುವ ಸವೆತ (ಆಸ್ಟಿಯೋಪೊರೋಸಿಸ್) ಇದ್ದವರಿಗೆ ಭಾರ ಬೇಕು, ಆದರೆ ಬೆನ್ನು ಬಾಗಿಸಿ ಎತ್ತುವುದು, ತಿರುಚುವುದು, ಮಲಗಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ ಇವು ಬೇಡ. ಬೆನ್ನೆಲುಬಿನ ಮೂಳೆ ಕುಸಿಯುವುದು ಹೆಚ್ಚಾಗಿ ಹಾಗೆ ಬಾಗಿದಾಗಲೇ.

ಇನ್ನು ಮಾತ್ರೆಗಳು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ಹೊತ್ತಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಆ ರಾತ್ರಿ, ಶುಗರ್ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ನಾಡಿಬಡಿತ ಏರಲು ಬಿಡುವುದಿಲ್ಲ. ಹಾಗಾಗಿ ಕೈಗಡಿಯಾರ ತೋರಿಸುವ ಹಾರ್ಟ್‌ರೇಟ್ ನಂಬಿ ‘ಇನ್ನೂ ದಣಿದಿಲ್ಲ’ ಎಂದುಕೊಳ್ಳಬೇಡಿ. ಇವೇ ಮಾತ್ರೆಗಳು ಲೋ ಶುಗರಿನ ನಡುಕ, ಎದೆಬಡಿತಗಳನ್ನೂ ಮುಚ್ಚಿಹಾಕುತ್ತವೆ, ಉಳಿಯುವ ಮುಖ್ಯ ಸೂಚನೆ ಬೆವರು. ಫ್ಯಾನಿನ ಕೆಳಗೆ ಕೂತಿದ್ದರೂ ಹಣೆ, ಕತ್ತು ತಣ್ಣಗೆ ಬೆವೆತರೆ ಮೊದಲು ಗ್ಲುಕೋಮೀಟರ್ ತೆಗೆಯಿರಿ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ನೀರು ಹೋಗಲು ಕೊಡುವ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಇವೆಲ್ಲ ಎದ್ದು ನಿಂತಾಗ ಕಣ್ಣು ಕತ್ತಲೆ ತರಬಲ್ಲವು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮಾತ್ರೆಯ ಪ್ರಮಾಣ ಬದಲಿಸುವುದು ನಮ್ಮ ಕೆಲಸವಲ್ಲ. ವ್ಯಾಯಾಮದ ಹೊತ್ತು ಬದಲಿಸುವುದು ನಮ್ಮದೇ.

ಒಳ್ಳೆಯ ಹೊತ್ತೆಂದರೆ ತಿಂಡಿ ತಿಂದು ಒಂದು, ಒಂದೂವರೆ ಗಂಟೆಯ ಮೇಲೆ. ಬರಿಹೊಟ್ಟೆಯಲ್ಲಿ ಮಾಡುವುದು ಶ್ರೇಷ್ಠ ಎಂಬ ಯೋಗದ ಕ್ಲಾಸಿನ ಮಾತನ್ನು ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನವರು ಇಲ್ಲಿ ಪಾಲಿಸಬಾರದು. ಶುರುವಿಗೆ ಮುಂಚೆ ಶುಗರ್ 90ಕ್ಕಿಂತ ಕೆಳಗಿದ್ದರೆ ಒಂದೆರಡು ಏಲಕ್ಕಿ ಬಾಳೆಹಣ್ಣು ತಿಂದು, ಏರಿದ್ದು ಖಾತ್ರಿಯಾದ ಮೇಲೆ ಮುಂದುವರಿಯಿರಿ. 300 ದಾಟಿದ್ದು ಮೈಯೂ ಸರಿಯಿಲ್ಲದಿದ್ದರೆ ಆ ದಿನ ಬೇಡ. 70ಕ್ಕೆ ಇಳಿದರೆ ನೀರಲ್ಲಿ ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಆ ಹೊತ್ತಿನಲ್ಲಿ ಮೈಸೂರು ಪಾಕು, ಬಿಸ್ಕತ್ತು ತಿನ್ನುವವರಿದ್ದಾರೆ. ಅದರಲ್ಲಿರುವ ತುಪ್ಪ, ಡಾಲ್ಡಾ ಸಕ್ಕರೆ ರಕ್ತಕ್ಕೆ ಸೇರುವುದನ್ನೇ ನಿಧಾನ ಮಾಡುತ್ತದೆ. ಇನ್ನೊಂದು ಗೊಂದಲ ಹಲವರಿಗೆ ಆಗುತ್ತದೆ: ಜೋರಾಗಿ ಮಾಡಿ ಮುಗಿಸಿದ ಕೂಡಲೇ ನೋಡಿದರೆ ಶುಗರ್ ಮೊದಲಿಗಿಂತ ಸ್ವಲ್ಪ ಹೆಚ್ಚಿರುತ್ತದೆ. ಶ್ರಮಕ್ಕೆ ಏರುವ ಅಡ್ರಿನಲಿನ್ ಪಿತ್ತಜನಕಾಂಗದಿಂದ ಸಕ್ಕರೆ ಹೊರಬಿಡಿಸುವುದರ ಪರಿಣಾಮ ಅದು. ‘ವ್ಯಾಯಾಮದಿಂದ ನನಗೆ ಶುಗರ್ ಜಾಸ್ತಿಯಾಗುತ್ತೆ’ ಎಂದು ಅಲ್ಲಿಗೇ ಕೈಬಿಡುವುದು ಬೇಡ. ಲಾಭ ಕಾಣುವುದು ಮುಂದಿನ ಒಂದೆರಡು ದಿನದ ರೀಡಿಂಗಿನಲ್ಲಿ. ಆ ಲಾಭ ಆರಿಹೋಗುವ ಮೊದಲೇ ಮುಂದಿನ ವ್ಯಾಯಾಮದ ದಿನ ಬರಬೇಕೆಂಬ ಕಾರಣಕ್ಕೇ ಸೋಮವಾರ, ಬುಧವಾರ, ಶುಕ್ರವಾರ ಎಂದು ಹಂಚಿಕೊಳ್ಳುವುದು.

ಸಾಮಾನು ಹೆಚ್ಚೇನೂ ಬೇಡ. ಹದಿನೇಳು ಹದಿನೆಂಟು ಇಂಚು ಎತ್ತರದ ಗಟ್ಟಿ ಮರದ ಕುರ್ಚಿ, ಗೋಡೆಗೆ ಒತ್ತಿಟ್ಟದ್ದು. ಪ್ಲಾಸ್ಟಿಕ್ ಕುರ್ಚಿ ನುಣುಪು ಟೈಲ್ಸಿನ ಮೇಲೆ ಜಾರುತ್ತದೆ, ಸೋಫಾ ಹೂತುಹೋಗುತ್ತದೆ. ಒಂದು ರಬ್ಬರ್ ಬ್ಯಾಂಡ್: ಹಳದಿ ಸಡಿಲ, ಆಮೇಲೆ ಕೆಂಪು, ಹಸಿರು, ನೀಲಿ ಎಂದು ಬಿಗಿ ಹೆಚ್ಚುತ್ತದೆ. ಇನ್ನು ತೂಕಕ್ಕೆ, ಹಿಡಿ ಇರುವ 5 ಲೀಟರಿನ ಖಾಲಿ ಎಣ್ಣೆ ಕ್ಯಾನ್‌ಗಿಂತ ಒಳ್ಳೆಯ ಉಪಕರಣ ನನಗೆ ಕಂಡಿಲ್ಲ. 2 ಲೀಟರ್ ನೀರು ಹಾಕಿದರೆ 2 ಕಿಲೋ, ಲೋಟದಲ್ಲಿ ಅಳೆದು ಸ್ವಲ್ಪ ಸ್ವಲ್ಪವೇ ಏರಿಸಬಹುದು. ಅಂಗಡಿಯ ಡಂಬೆಲ್ಲಿನಲ್ಲಿ ಒಂದರಿಂದ ಎರಡು ಕಿಲೋಗೆ ಹಾರಿದರೆ ಒಮ್ಮೆಗೇ ಭಾರ ದುಪ್ಪಟ್ಟಾಗುತ್ತದೆ, ಭುಜ ಹಿಡಿದುಕೊಳ್ಳುವುದು ಆ ಜಿಗಿತದಲ್ಲೇ. ಮುಚ್ಚಳ ಮಾತ್ರ ಬಿಗಿಯಾಗಿರಲಿ, ನೆಲಕ್ಕೆ ನಾಲ್ಕು ಹನಿ ಚೆಲ್ಲಿದರೂ ಕಾಲು ಜಾರುತ್ತದೆ. ಕಾಲ್ಚೀಲ ಮಾತ್ರ ಹಾಕಿಕೊಂಡು ಟೈಲ್ಸಿನ ಮೇಲೆ ನಿಲ್ಲುವುದೂ ಬೇಡ. ಪಾದ ಜೋಮು ಹಿಡಿದವರು ಬರಿಗಾಲಲ್ಲಿ ಮಾಡಬಾರದು. ಬೂಟಿನೊಳಗೆ ಕೈಹಾಕಿ ಕಲ್ಲು, ಮಡಿಕೆ ನೋಡಿ ಹಾಕಿಕೊಳ್ಳಬೇಕು, ಮುಗಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಬೇಕು. ಗುಳ್ಳೆ ಎದ್ದದ್ದು ಅವರಿಗೆ ನೋವಿನಿಂದ ಗೊತ್ತಾಗುವುದಿಲ್ಲ.

ಇಡೀ ಕಾರ್ಯಕ್ರಮದಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಕುರ್ಚಿಯಿಂದ ಎದ್ದು ಕೂರುವುದನ್ನು. ಬಸ್ಕಿಯನ್ನು ಶಾಲೆಯಲ್ಲಿ ಶಿಕ್ಷೆಯಾಗಿ ಕೊಟ್ಟು ಕೆಡಿಸಿದ್ದಾರೆ, ಗರಡಿಮನೆಯಲ್ಲಿ ಅದಕ್ಕಿದ್ದ ಮರ್ಯಾದೆಯೇ ಬೇರೆ. ಕುರ್ಚಿಯದು ಅರ್ಧ ಬಸ್ಕಿ. ಮುಂದಕ್ಕೆ ಸರಿದು ಸೀಟಿನ ಅರ್ಧಕ್ಕೆ ಕೂರಿ. ಪಾದಗಳ ನಡುವೆ ಸೊಂಟದಗಲ ಜಾಗ, ಹಿಮ್ಮಡಿ ಮೊಣಕಾಲಿಗಿಂತ ತುಸು ಹಿಂದೆ. ಬೆನ್ನು ಬಾಗಿಸದೆ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವವರೆಗೆ ಮುಂದೆ ಬಾಗಿ. ಹೆಚ್ಚಿನವರು ಏಳಲಾಗದೆ ಒದ್ದಾಡುವುದು ಈ ಬಾಗುವುದನ್ನು ಬಿಟ್ಟು ನೇರ ಮೇಲಕ್ಕೆ ಏಳಲು ನೋಡುವುದರಿಂದ, ಮುಂದೆ ಬಿದ್ದೇನೆಂಬ ಅಂಜಿಕೆಯಿಂದ. ಬಾಯಿಂದ ಉಸಿರು ಬಿಡುತ್ತ ಎರಡು ಎಣಿಸುವಷ್ಟರಲ್ಲಿ ಏಳಿ, ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಗೆ ವಾಲದಿರಲಿ. ಕೂರುವಾಗ ಮೂರು, ನಾಲ್ಕು ಎಣಿಸಿ. ಕೊನೆಯ ಎರಡು ಇಂಚಿನಲ್ಲಿ ಎಲ್ಲರೂ ‘ಧೊಪ್’ ಎಂದು ಬಿಟ್ಟುಬಿಡುತ್ತಾರೆ. ಬಲ ಬರುವುದು ಆ ಎರಡು ಇಂಚನ್ನು ತಡೆದು ಇಳಿದಾಗಲೇ, ಮೆಟ್ಟಿಲು ಇಳಿಯುವಾಗ ಬೇಕಾಗುವುದೂ ಅದೇ ಬಲ.

ಕೈ ಊರದೆ ಏಳಲು ಆಗದಿದ್ದರೆ ಸೀಟಿನ ಮೇಲೆ ಮಡಚಿದ ಕಂಬಳಿ ಹಾಕಿ ನಾಲ್ಕು ಇಂಚು ಎತ್ತರಿಸಿ. ಏಳೆಂಟು ಸಲ ಸುಲಭವಾದಾಗ ಒಂದು ಮಡಿಕೆ ತೆಗೆಯಿರಿ. ಬರಿ ಸೀಟಿನಿಂದ ಹನ್ನೆರಡು ಸಲ ಬಂದರೆ ಎದೆಗೆ ಒಂದು ಕಿಲೋ ತೊಗರಿಬೇಳೆ ಪ್ಯಾಕೆಟ್ ಅಪ್ಪಿಕೊಳ್ಳಿ, ಆಮೇಲೆ ಎರಡು, ಕೊನೆಗೆ ಐದು ಕಿಲೋ ರಾಗಿಹಿಟ್ಟಿನ ಚೀಲ.

ಮಂಡಿ ಸವೆತದವರಿಗೆ ಲಟಲಟ ಶಬ್ದದ ಹೆದರಿಕೆ. ನೋವಿಲ್ಲದ ಶಬ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೋವಿಗೆ ಫಿಸಿಯೋಗಳು ಬಳಸುವ ಅಳತೆ ಹೀಗೆ: ಹತ್ತಕ್ಕೆ ಐದರೊಳಗಿನ ನೋವು ಮಾಡುವಾಗ ಬಂದರೆ ಬರಲಿ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ, ಮಂಡಿ ಊದಿ ಬಿಸಿಯಾದರೆ ಮುಂದಿನ ಸಲ ಸೀಟು ಎತ್ತರಿಸಿ, ಸಂಖ್ಯೆ ಅರ್ಧಕ್ಕಿಳಿಸಿ, ಪೂರ್ತಿ ಬಿಡಬೇಡಿ. ತೀರಾ ನೋವಿನ ವಾರದಲ್ಲಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತಿ ಐದು ಎಣಿಸಿ ಬಿಡುವುದನ್ನು ಹತ್ತು ಸಲ ಮಾಡಿದರೂ ತೊಡೆ ಜಡವಾಗದು.

ಉಳಿದವು ಬೇಗ ಹೇಳಿ ಮುಗಿಸುವಂಥವು. ಗೋಡೆಗೆ ಅಂಗೈ ಊರಿ ತಳ್ಳುವುದು, ಸುಲಭವಾದರೆ ಅಡುಗೆಮನೆ ಕಟ್ಟೆಗೆ. ಅದೇ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಮಂಚದ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು. ಕಿಟಕಿಯ ಸರಳಿಗೆ ಬ್ಯಾಂಡ್ ಸುತ್ತಿ, ಮೊಣಕೈ ಪಕ್ಕೆಗೆ ಸವರುವಂತೆ ಹಿಂದಕ್ಕೆ ಎಳೆಯುವುದು. ಭುಜ ಕಿವಿಯತ್ತ ಏರಿದರೆ ಬ್ಯಾಂಡ್ ಬಿಗಿಯಾಯಿತೆಂದು ಅರ್ಥ. ಸರಳಿನ ತುಕ್ಕು, ಬಿಸಿಲು ಎರಡೂ ರಬ್ಬರನ್ನು ತಿನ್ನುತ್ತವೆ. ಪ್ರತಿ ಸಲ ಬೆಳಕಿಗೆ ಹಿಡಿದು ಎಳೆದು ನೋಡಿ, ಕೂದಲೆಳೆಯ ಬಿರುಕು ಕಂಡರೂ ಎಸೆಯಿರಿ, ತುಂಡಾದ ಬ್ಯಾಂಡ್ ನೇರ ಕಣ್ಣಿಗೇ ಹೊಡೆಯುವುದು. ಕೊನೆಗೆ ಎಣ್ಣೆ ಕ್ಯಾನ್ ಒಂದೇ ಕೈಲಿ ಹಿಡಿದು, ಆ ಕಡೆಗೆ ವಾಲದೆ ನಡುಮನೆಯುದ್ದಕ್ಕೂ ನಡೆದು ಕೈ ಬದಲಿಸಿ ವಾಪಸು. ತರಕಾರಿ ಚೀಲ ಹೊರುವವರಿಗೆ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ತಲೆಯ ಮೇಲಕ್ಕೆ ಭಾರ ಎತ್ತುವುದನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವ ತೊಂದರೆ ಬೇರೆಯವರಿಗಿಂತ ಹೆಚ್ಚು, ಬಿಗಿದ ಭುಜವನ್ನು ಹಟಕ್ಕೆ ಎತ್ತಿದರೆ ತಿಂಗಳುಗಟ್ಟಲೆ ಅನುಭವಿಸಬೇಕಾಗುತ್ತದೆ.

ಉಸಿರಿನ ಮಾತು. ಉಸಿರು ಕಟ್ಟಿ ತಿಣುಕಿದರೆ ಬಿಪಿ ಒಮ್ಮೆಲೇ ಮೇಲಕ್ಕೆ ಹಾರಿ, ಬಿಟ್ಟಾಗ ಅಷ್ಟೇ ಬೇಗ ಕುಸಿಯುತ್ತದೆ. ‘ಉಸಿರು ಹಿಡಿಯಬೇಡಿ’ ಎಂದು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಗಟ್ಟಿಯಾಗಿ ‘ಒಂದು, ಎರಡು’ ಎಂದು ಎಣಿಸಿ ಮಾಡಿದರೆ ಹಿಡಿಯಲು ಸಾಧ್ಯವೇ ಇಲ್ಲ. ಮನೆಯವರು ನಗಲಿ ಬಿಡಿ. ಒಂದು ಸರದಿಯಿಂದ (ಎಂಟು ಹತ್ತು ಸಲ ಮಾಡುವ ಒಂದು ಸುತ್ತು) ಇನ್ನೊಂದಕ್ಕೆ ಎರಡು ನಿಮಿಷ ಕೂತು ಸುಧಾರಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ಐದು ನಿಮಿಷ ನಿಧಾನ ನಡೆದಾಡಿ, ತಕ್ಷಣ ಸುಡುನೀರಿನ ಸ್ನಾನಕ್ಕೆ ಹೋಗಬೇಡಿ: ವ್ಯಾಯಾಮದ ನಂತರ ಬಿಪಿ ತಾನಾಗಿ ಇಳಿದಿರುತ್ತದೆ, ಬಿಸಿನೀರು ಇನ್ನಷ್ಟು ಇಳಿಸುತ್ತದೆ, ಬಚ್ಚಲಲ್ಲಿ ತಲೆ ತಿರುಗುವುದು ಹೀಗೆ. ಎದೆಯಲ್ಲಿ ಹಿಡಿತ, ದವಡೆಗೋ ಎಡಗೈಗೋ ಹಬ್ಬುವ ನೋವು, ಎಂದೂ ಇಲ್ಲದ ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ. ಗ್ಯಾಸ್ ಇರಬೇಕು ಎಂದು ಓಮದ ನೀರು ಕುಡಿದು ಮಲಗುವುದು ಬೇಡ.

ಮೊದಲ ಎರಡು ವಾರ ಪ್ರತಿಯೊಂದೂ ಒಂದೇ ಸರದಿ, ಎಂಟರಿಂದ ಹತ್ತು ಸಲ, ಇನ್ನೂ ನಾಲ್ಕೈದು ಸಲ ಆಗುತ್ತಿತ್ತು ಎನ್ನುವಲ್ಲಿ ನಿಲ್ಲಿಸಬೇಕು. ಮೂರನೇ ವಾರದಿಂದ ಎರಡು ಸರದಿ, ಎರಡು ಮೂರು ಸಲದಷ್ಟೇ ಮಿಗಿಸಿ. ಗುರಿಗಿಂತ ಎರಡು ಹೆಚ್ಚಿಗೆ ಮಾಡುವುದು ಸತತ ಎರಡು ದಿನ ಆಯಿತೆಂದರೆ ತೂಕ ಏರಿಸುವ ಹೊತ್ತು ಬಂತು, ಏರಿಕೆ ಇದ್ದ ತೂಕದ ಹತ್ತರಲ್ಲೊಂದು ಪಾಲು ಮೀರದಿರಲಿ (ಕುರ್ಚಿಯಿಂದ ಏಳುವಾಗ ಮೈತೂಕವೂ ಲೆಕ್ಕಕ್ಕೆ ಸೇರುತ್ತದೆ). ಹಿರಿಯರ ವ್ಯಾಯಾಮ ಕೆಡುವುದು ಅತಿ ಮಾಡಿ ಎನ್ನುವುದಕ್ಕಿಂತ, ಅದೇ ಒಂದು ಕಿಲೋ ಡಂಬೆಲ್ಲನ್ನು ವರ್ಷವಿಡೀ ಟಿವಿ ಮುಂದೆ ಆಡಿಸುತ್ತ ಕೂತು. ತೂಕ ಏರದಿದ್ದರೆ ಬಲವೂ ಏರದು.

ಮೂರನೇ ವಾರಕ್ಕೆ ಬಿಡುವವರು ಬಹಳ. ಕನ್ನಡಿಯಲ್ಲಿ ಏನೂ ಕಾಣದು, ತೂಕದ ಮೆಷಿನ್ನೂ ಅಲ್ಲಾಡದು. ಬಾಸ್ಟನ್ನಿನ ಆ 174 ಮತ್ತು 9 ನೆನಪಾಗಬೇಕಾದದ್ದು ಈಗ. ಮೊದಲ ವಾರಗಳ ಬಲದಲ್ಲಿ ಬಹುಪಾಲು ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಕಲಿಯುವುದರಿಂದ ಬಂದದ್ದು, ಗಾತ್ರ ತಿಂಗಳುಗಳ ಮಾತು. ಅಳೆಯಲೇಬೇಕೆಂದರೆ ಎದೆಗೆ ಕೈ ಕಟ್ಟಿ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದಿರಿ ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಸಾಧ್ಯತೆ ಹೆಚ್ಚು.

ಊಟ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎನ್ನುತ್ತೇವೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಣ್ಣದಂಶ ಧಾರಾಳ, ಪ್ರೋಟೀನು ಮಾತ್ರ 7 ಗ್ರಾಂ. ವ್ಯಾಯಾಮ ಮಾಡುವ ಹಿರಿಯರಿಗೆ ದೇಹತೂಕದ ಕಿಲೋಗೆ 1ರಿಂದ 1.2 ಗ್ರಾಂ ಬೇಕು, 60 ಕಿಲೋದವರಿಗೆ ದಿನಕ್ಕೆ 60ರಿಂದ 72. ಅನ್ನ, ತಿಳಿಸಾರು, ಮಜ್ಜಿಗೆಯಲ್ಲಿ ಇದರ ಅರ್ಧವೂ ಸಿಗದು. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 6ರಿಂದ 7, 30 ಗ್ರಾಂ ಬೇಳೆಗೆ ಅಷ್ಟೇ, 30 ಗ್ರಾಂ ಸೋಯಾ ಚಂಕ್ಸಿಗೆ 15. ಸಂಜೆ ಕಾಫಿ ಜೊತೆಗಿನ ಚಕ್ಕುಲಿಯ ಜಾಗದಲ್ಲಿ ಹುರುಳಿಕಾಳಿನ ಉಸಲಿ ಬಂದರೆ ಲೆಕ್ಕ ಹತ್ತಿರ ಬರುತ್ತದೆ. ಇದರಲ್ಲಿ ಒಂದು ದೊಡ್ಡ ಎಚ್ಚರಿಕೆ: ಕಿಡ್ನಿ ಎಷ್ಟು ಸೋಸುತ್ತದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದು ಡಯಾಲಿಸಿಸ್ ಶುರುವಾಗದವರು ಪ್ರೋಟೀನು ಹೆಚ್ಚಿಸಬಾರದು, ಕಿಡ್ನಿ ಡಾಕ್ಟರು ಹೇಳಿದಷ್ಟೇ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳಲಿ. ಕಾಲಿನ ಜೋಮಿಗೆ, ಸುಸ್ತಿಗೆ ಅದರ ಕೊರತೆಯೂ ಕಾರಣವಿರಬಹುದು.

ಮೈಕೈ ನೋವಿನಲ್ಲೂ ಬೇರೆ ಬೇರೆ ಜಾತಿ ಇದೆ. ವ್ಯಾಯಾಮದ ನೋವು ಮರುದಿನವೋ ಮೂರನೇ ದಿನವೋ ಹೆಚ್ಚಿ ಐದನೇ ದಿನಕ್ಕೆ ಮಾಯ, ಅದೂ ದುಡಿಸಿದ ಜಾಗದಲ್ಲಷ್ಟೇ. ಕೊಲೆಸ್ಟರಾಲ್ ಮಾತ್ರೆಯಿಂದ ಬರುವುದು ಎರಡೂ ತೊಡೆಗೆ ಒಟ್ಟಿಗೆ, ಬಿಡುವಿನ ವಾರದಲ್ಲೂ ಹಾಗೇ ಇರುತ್ತದೆ. ಡಾಕ್ಟರಿಗೆ ಹೇಳಿ, ಮಾತ್ರೆ ತಾವಾಗಿ ನಿಲ್ಲಿಸಬೇಡಿ. ತೀವ್ರ ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆ.

ಜ್ವರ, ಭೇದಿ, ಮದುವೆ ಮನೆ, ಮಗಳ ಬಾಣಂತನ, ಏನಾದರೊಂದಕ್ಕೆ ನಿಂತೇ ನಿಲ್ಲುತ್ತದೆ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದ 2007ರ ಅಧ್ಯಯನದಲ್ಲಿ ಕಾಲುಗಳ ಸ್ನಾಯುರಾಶಿ ಒಂದು ಕಿಲೋದಷ್ಟು ಇಳಿದಿತ್ತು. ಆದ್ದರಿಂದ ಜ್ವರ ಬಿಟ್ಟ ಮೇಲೆ ಹಳೆಯ ತೂಕಕ್ಕೇ ಕೈಹಾಕಬಾರದು. ಒಂದು ವಾರ ತಪ್ಪಿದ್ದರೆ ಅದೇ ತೂಕ, ಒಂದೇ ಸರದಿ. ಎರಡು ವಾರ ದಾಟಿದ್ದರೆ ಅರ್ಧ ತೂಕದಿಂದ, ಕುರ್ಚಿಗೆ ಒಂದು ಮಡಿಕೆ ಕಂಬಳಿ ವಾಪಸು. ಆಸ್ಪತ್ರೆಯಿಂದ ಬಂದವರು ಮಂಚದ ಅಂಚಿನಿಂದಲೇ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಐದು ಸಲ ಎದ್ದು ಕೂತರೆ ಸಾಕು. ಅಲ್ಲಿ ಕೊಟ್ಟ ಹೊಸ ಮಾತ್ರೆಗಳ ಚೀಟಿಯನ್ನು ಹಳೆಯದರ ಪಕ್ಕ ಇಟ್ಟು, ಯಾವುದು ಶುಗರ್ ಇಳಿಸುತ್ತದೆ, ಯಾವುದು ಬಿಪಿ ಇಳಿಸುತ್ತದೆ ಎಂದು ಡಾಕ್ಟರ ಹತ್ತಿರವೋ ಔಷಧಿ ಅಂಗಡಿಯವರ ಹತ್ತಿರವೋ ಕೇಳಿ ಗುರುತು ಹಾಕಿಕೊಂಡ ಮೇಲೆ ಮುಂದಿನ ಸೋಮವಾರದ ಹೊತ್ತು ಗೊತ್ತು ಮಾಡಿಕೊಳ್ಳಿ.